ಸಂಬಳ ಏರಿತು, ಕೆಲಸದ ಮೇಲಿನ ಮನಸ್ಸು ಇಳಿಯಿತು

ಪ್ರಶ್ನೆ (ಚಿಕ್ಕಮಗಳೂರು):
ಇಲ್ಲಿನ ಒಂದು ಕಾಫಿ ಕ್ಯೂರಿಂಗ್‌ನಲ್ಲಿ (ಒಣಗಿದ ಕಾಫಿಯ ಸಿಪ್ಪೆ ತೆಗೆದು ಬೀಜ ವಿಂಗಡಿಸುವ ಕಾರ್ಖಾನೆ) 4 ವರ್ಷದಿಂದ ಲೆಕ್ಕ ಬರೆಯುತ್ತಿದ್ದೇನೆ. ಹಳೇ ಮ್ಯಾನೇಜರ್ ಬಾಯಿ ಜೋರು, ಆದರೆ ಸೀಸನ್‌ನಲ್ಲಿ ರಾತ್ರಿ ಒಂಬತ್ತಾದರೂ ನಮ್ಮ ಜೊತೆ ಕೂತಿರುತ್ತಿದ್ದರು, ಟೀ ತರಿಸುತ್ತಿದ್ದರು. ಹೊಸಬರು ಬಂದ ಮೇಲೆ ಸಂಬಳ ಏರಿತು, ಸುಳ್ಳು ಹೇಳಲ್ಲ. ಆದರೆ ತೇವ ಜಾಸ್ತಿ ಇದ್ದ ಒಂದು ಲೋಡ್ ಒಳಗೆ ಬಂತು ಅಂತ, ಅದಕ್ಕೆ ಸಹಿ ಹಾಕಿದ್ದು ಅವರೇ ಆದರೂ, ಎಲ್ಲರ ಮುಂದೆ ನನ್ನನ್ನು ನಿಲ್ಲಿಸಿ ಬೈದರು. ಅವತ್ತಿಂದ ಆರು ಗಂಟೆ ಆದರೆ ಸಾಕು, ಬ್ಯಾಗ್ ಹೆಗಲಿಗೆ. ನನ್ನದೇ ತಪ್ಪಾ?

ಉತ್ತರ 1 (ಮೂಡಿಗೆರೆ ಕಡೆ, ಎಸ್ಟೇಟ್ ರೈಟರ್, ಅಂದರೆ ತೋಟದ ಲೆಕ್ಕ ಬರೆಯುವವರು):
ತಪ್ಪೇನಿಲ್ಲ ಮಾರಾಯ. ನವೆಂಬರ್‌ನಿಂದ ಅರೇಬಿಕಾ ಕಾಫಿ ಕೊಯ್ಲು ಶುರುವಾದರೆ ಎಲ್ಲಾ ತೋಟದಲ್ಲೂ ಆಳು ಬೇಕು. ಕೆಜಿಗೆ ಒಂದು ರೂಪಾಯಿ ಜಾಸ್ತಿ ಕೊಡ್ತೀನಿ ಅಂದ ತೋಟ ಬಿಟ್ಟು ನಮ್ಮಲ್ಲಿಗೇ ವರ್ಷಾ ವರ್ಷ ಬರುವವರಿದ್ದಾರೆ. ಯಾಕೆ ಗೊತ್ತಾ? ಬಟವಾಡೆ ದಿನ ತಪ್ಪಲ್ಲ, ತೂಕದಲ್ಲಿ ಮೋಸ ಇಲ್ಲ, ಮಗುವಿಗೆ ಜ್ವರ ಅಂದರೆ ಜೀಪ್ ಕಳಿಸುತ್ತೇವೆ.

ಉತ್ತರ 2 (ಹಾಸನ):
ಸಿಟ್ಟಲ್ಲಿ ಕೆಲಸ ಬಿಡಬೇಡಿ. 5 ವರ್ಷ ತುಂಬಿದರೆ ಗ್ರಾಚ್ಯುಟಿ (ಕೆಲಸ ಬಿಡುವಾಗ ಮಾಲೀಕರು ಕೊಡಬೇಕಾದ ಇಡಿಗಂಟು) ಸಿಗುತ್ತೆ, ವರ್ಷಕ್ಕೆ 15 ದಿನದ ಸಂಬಳದ ಲೆಕ್ಕ.

ಉತ್ತರ 3:
ಆ ಹೊಸ ಮ್ಯಾನೇಜರ್ ಮೇಲೂ ಯಾರೋ ಕೂತಿರುತ್ತಾರೆ ಅಲ್ವಾ? ಒಬ್ಬರೇ ಇದ್ದಾಗ ಆ ಸಹಿ ತೋರಿಸಿ ಮಾತಾಡಿ. ಸುಮ್ನೆ ಒಳಗೇ ಕುದಿಯಬೇಡಿ.

ಪ್ರಶ್ನೆ ಕೇಳಿದವರು:
ಸೋಮವಾರ ಮಾತಾಡುತ್ತೇನೆ. ಗ್ರಾಚ್ಯುಟಿ ವಿಷಯ ಮರೆತೇ ಹೋಗಿತ್ತು, ಲೆಕ್ಕ ಬರೆಯುವವನು ನಾನು!