ವಿಮಾನದ ಸೀಟು ಸಾಲದ ಅಕ್ಕನಿಗೆ ಎರಡು ಸೀಟು ಕಾಯ್ದಿರಿಸಬೇಕೇ?

ಪ್ರಶ್ನೆ: ಹೇಮಾವತಿ ದಂಡೆ, ಹಾಸನ

ಎಲ್ಲರಿಗೂ ನಮಸ್ಕಾರ. ನಮ್ಮ ಅಕ್ಕನಿಗೆ ಈಗ 58 ವರ್ಷ. ಹಲವು ವರ್ಷಗಳಿಂದ ಥೈರಾಯ್ಡ್ ತೊಂದರೆಯಿದೆ, ಮಂಡಿನೋವಿನಿಂದಾಗಿ ನಡಿಗೆಯೂ ಕಡಿಮೆಯಾಗಿದೆ, ಮೈತೂಕ 128 ಕೆ.ಜಿ. ತಲುಪಿದೆ. ಬರುವ ಕಾರ್ತೀಕ ಮಾಸದಲ್ಲಿ ದೆಹಲಿಯಲ್ಲಿರುವ ಅವರ ಮಗಳ ಮನೆಯ ಗೃಹಪ್ರವೇಶವಿದೆ. ರೈಲಿನಲ್ಲಿ ಒಂದೂವರೆ ದಿನ ಕುಳಿತು, ಮೇಲೆದ್ದು ಓಡಾಡುವುದು ಅವರ ಮಂಡಿಗೆ ಆಗದ ಮಾತು. ಆದ್ದರಿಂದ ಬೆಂಗಳೂರಿನಿಂದ ವಿಮಾನದಲ್ಲೇ ಕರೆದುಕೊಂಡು ಹೋಗಬೇಕೆಂದು ಯೋಚಿಸುತ್ತಿದ್ದೇನೆ.

ಆದರೆ ಅಕ್ಕ ಬರಲು ಒಪ್ಪುತ್ತಿಲ್ಲ. ಎರಡು ವರ್ಷಗಳ ಹಿಂದೆ ಹೀಗೆಯೇ ದೆಹಲಿಗೆ ಹೋಗುವಾಗ ಸೀಟನ್ನು ಮುಂಚಿತವಾಗಿ ಆರಿಸಿಕೊಳ್ಳದ ಕಾರಣ ಅವರಿಗೆ ಮೂರು ಸೀಟುಗಳ ನಡುವಿನ ಸೀಟು ಸಿಕ್ಕಿತ್ತು, ನನ್ನ ಸೀಟು ಬೇರೆ ಸಾಲಿನಲ್ಲಿತ್ತು. ಕಿಟಕಿಯ ಪಕ್ಕದವರು ಸಿಬ್ಬಂದಿಯನ್ನು ಕರೆದು, ಹತ್ತು ಮಂದಿಗೆ ಕೇಳಿಸುವಂತೆ, "ಇವರ ಪಕ್ಕದಲ್ಲಿ ಕೂರಲು ಸಾಧ್ಯವಿಲ್ಲ" ಎಂದರು. ಬೆಲ್ಟು ಹಾಕಿಕೊಳ್ಳಲೂ ಆಗಲಿಲ್ಲ. ಸಿಬ್ಬಂದಿ ಅದಕ್ಕೆ ಜೋಡಿಸುವ ಇನ್ನೊಂದು ತುಂಡನ್ನು ತಂದು, ಎಲ್ಲರ ತಲೆಯ ಮೇಲಿಂದ ಹಾಯಿಸಿ ಕೊಟ್ಟರು. ಅಕ್ಕ ಎರಡೂ ಮುಕ್ಕಾಲು ಗಂಟೆ ಎರಡೂ ಕೈಗಳನ್ನು ಎದೆಗೆ ಕಟ್ಟಿಕೊಂಡು ಕುಳಿತಿದ್ದರು. ಅಂದಿನಿಂದ ಅವರು ಧರ್ಮಸ್ಥಳದ ಬಸ್ಸನ್ನೂ ಹತ್ತಿಲ್ಲ. ನನಗೆ ಹೆಚ್ಚು ನೋವಾಗುವುದು, "ಆ ಮನುಷ್ಯ ಹೇಳಿದ್ದರಲ್ಲಿ ತಪ್ಪೇನಿತ್ತು, ಅವರಿಗೂ ಜಾಗ ಬೇಕಲ್ಲವೇ" ಎಂದು ಅವರು ಇಂದಿಗೂ ಹೇಳುವುದನ್ನು ಕೇಳಿದಾಗ.

ಇಂಥ ಪ್ರಯಾಣದ ಅನುಭವವಿರುವವರು ದಯವಿಟ್ಟು ತಿಳಿಸಿ. ಎರಡು ಸೀಟು ಕಾಯ್ದಿರಿಸುವುದೇ ಸರಿಯೇ? ಅದನ್ನು ಹೇಗೆ ಮಾಡಬೇಕು? ಪಕ್ಕದವರಿಗೂ ತೊಂದರೆಯಾಗದಂತೆ, ಅಕ್ಕನಿಗೂ ಅವಮಾನವಾಗದಂತೆ ಹೋಗಿಬರುವ ದಾರಿ ಯಾವುದು?

ಉತ್ತರ 1: ತೋಟದವರು, ಚಿಕ್ಕಮಗಳೂರು

ನಿಮ್ಮ ಅಕ್ಕನವರಿಗೆ ಮೊದಲು ನನ್ನ ನಮಸ್ಕಾರ ತಿಳಿಸಿ. ನನ್ನ ತೂಕ 140 ಕೆ.ಜಿ.ಗಿಂತ ಹೆಚ್ಚು, ಮತ್ತು ಕಾಫಿ ವ್ಯವಹಾರದ ಸಲುವಾಗಿ ವರ್ಷಕ್ಕೆ ಐದಾರು ಬಾರಿಯಾದರೂ ವಿಮಾನ ಹತ್ತುತ್ತೇನೆ. ಆದ್ದರಿಂದ ಇಲ್ಲಿ ಬರೆಯುತ್ತಿರುವುದು ನಾನು ಅನುಭವಿಸಿ ಕಲಿತದ್ದು.

ಬೇರೆ ಏನನ್ನೂ ಯೋಚಿಸುವ ಮೊದಲು ಮನೆಯಲ್ಲೇ ಒಂದು ಅಳತೆ ಮಾಡಿ ನೋಡಿ. ನಮ್ಮ ದೇಶದೊಳಗೆ ಹೆಚ್ಚಾಗಿ ಹಾರುವ ಏರ್‌ಬಸ್ 320ರ ಸಾಮಾನ್ಯ ದರ್ಜೆಯ ಸೀಟು ಸುಮಾರು 18 ಇಂಚು ಅಗಲ, ಬೋಯಿಂಗ್ 737ರದ್ದು ಸುಮಾರು 17 ಇಂಚು. ಕೈಗಳಿಲ್ಲದ ಒಂದು ಬೆಂಚಿನ ಮೇಲೆ 17 ಇಂಚು ಅಂತರ ಬಿಟ್ಟು ಎರಡು ಕಡೆ ಪುಸ್ತಕಗಳನ್ನು ಏಳೆಂಟು ಇಂಚು ಎತ್ತರಕ್ಕೆ ಪೇರಿಸಿ, ಅವುಗಳ ನಡುವೆ ಅಕ್ಕನವರನ್ನು ಕೂರಿಸಿ. ಪುಸ್ತಕಗಳು ಸರಿಯದಿದ್ದರೆ ಒಂದು ಸೀಟು ಸಾಕು. ಸರಿದರೆ, ಪಕ್ಕದವರ ಜಾಗದಿಂದ ಎಷ್ಟು ಹೋಗುತ್ತದೆ ಎಂಬುದು ಕಣ್ಣೆದುರೇ ಇರುತ್ತದೆ. ಇದನ್ನು ಮನೆಯ ಬಾಗಿಲು ಹಾಕಿಕೊಂಡು, ನಮ್ಮವರ ಮುಂದೆ ತಿಳಿದುಕೊಳ್ಳುವುದಕ್ಕೂ, ನೂರೆಂಬತ್ತು ಮಂದಿ ಅಪರಿಚಿತರ ಮುಂದೆ ತಿಳಿದುಕೊಳ್ಳುವುದಕ್ಕೂ ಬಹಳ ವ್ಯತ್ಯಾಸವಿದೆ. ನಾನು ಹತ್ತು ವರ್ಷ ತಡವಾಗಿ ಈ ಅಳತೆ ಮಾಡಿಕೊಂಡೆ.

ನಿಮ್ಮ ಅಕ್ಕನವರ ತೂಕ ನೋಡಿದರೆ ಎರಡು ಸೀಟು ತೆಗೆದುಕೊಳ್ಳುವುದೇ ನೆಮ್ಮದಿ ಎಂದು ನನ್ನ ಅಭಿಪ್ರಾಯ. ಕೋವಿಡ್ ಕಾಲದಲ್ಲಿ, 2020ರ ಜುಲೈನಲ್ಲಿ, ಇಂಡಿಗೋ ಒಬ್ಬ ಪ್ರಯಾಣಿಕರಿಗೆ ಎರಡು ಸೀಟು ಕೊಡುವ ಸೌಲಭ್ಯವನ್ನು ಪ್ರಕಟಿಸಿದಾಗ, ಅದನ್ನು ಟ್ರಾವೆಲ್ ಪೋರ್ಟಲ್‌ಗಳಲ್ಲಾಗಲಿ, ಕಾಲ್ ಸೆಂಟರಿನಲ್ಲಾಗಲಿ, ವಿಮಾನ ನಿಲ್ದಾಣದ ಕೌಂಟರುಗಳಲ್ಲಾಗಲಿ ಕೊಡದೆ ತನ್ನ ವೆಬ್‌ಸೈಟಿನಲ್ಲಿ ಮಾತ್ರ ಕೊಟ್ಟಿತ್ತು. ಹೀಗೆ ಬುಕಿಂಗ್ ದಾರಿ ಬೇರೆ ಬೇರೆ ಇರಬಹುದಾದ್ದರಿಂದ, ಯಾವ ಕಂಪನಿಯಾದರೂ ಸರಿ, ಮೊದಲು ನೇರವಾಗಿ ಅವರಿಗೇ ಫೋನು ಮಾಡಿ, "ಒಬ್ಬರೇ ಪ್ರಯಾಣಿಕರು, ಮೈಯ ಗಾತ್ರದ ಕಾರಣ ಎರಡನೆಯ ಸೀಟು ಬೇಕು" ಎಂದು ಸ್ಪಷ್ಟವಾಗಿ ಹೇಳಿ. ದರವನ್ನೂ, ರದ್ದು ಮಾಡಿದರೆ ಎಷ್ಟು ಮರಳಿ ಬರುತ್ತದೆ ಎಂಬುದನ್ನೂ ಆಗಲೇ ಕೇಳಿ ಬರೆದಿಟ್ಟುಕೊಳ್ಳಿ. ಹೆಚ್ಚುವರಿ ಸೀಟಿಗೆ ವಿಮಾನಯಾನದವರ ಭಾಷೆಯಲ್ಲಿ ಇಎಕ್ಸ್ಎಸ್‌ಟಿ ಎಂಬ ಸಂಕೇತವಿದೆ. ಅದು ಟಿಕೆಟ್ಟಿನಲ್ಲಿ ದಾಖಲಾಗಿದೆಯೇ, ಎರಡೂ ಸೀಟುಗಳು ಒಂದೇ ಪಿಎನ್‌ಆರ್‌ನಲ್ಲಿ, ಅಕ್ಕಪಕ್ಕದಲ್ಲಿವೆಯೇ ಎಂದು ಖಚಿತಪಡಿಸಿಕೊಳ್ಳಿ. ಹಾಗೆ ಮಾಡದೆ, ಒಂದೇ ಹೆಸರಿನಲ್ಲಿ ಎರಡು ಬೇರೆ ಬೇರೆ ಟಿಕೆಟ್ ಕೊಂಡರೆ, ಎರಡನೆಯ ಪ್ರಯಾಣಿಕರು ಬಂದಿಲ್ಲವೆಂದು ತಿಳಿದು ಆ ಸೀಟನ್ನು ಬೇರೆಯವರಿಗೆ ಕೊಟ್ಟುಬಿಡುವ ಸಂಭವವಿರುತ್ತದೆ. ನನಗೆ ಒಮ್ಮೆ ಹಾಗೆಯೇ ಆಯಿತು.

ಅಕ್ಕನವರಿಗೆ ಕಿಟಕಿಯ ಸೀಟು ಮತ್ತು ನಡುವಿನ ಸೀಟು, ನಿಮಗೆ ಓಡಾಡುವ ದಾರಿಯ ಪಕ್ಕದ ಸೀಟು ಎಂದು ಪೂರ್ತಿ ಸಾಲನ್ನೇ ತೆಗೆದುಕೊಂಡರೆ ಅಪರಿಚಿತರ ಪ್ರಶ್ನೆಯೇ ಬರುವುದಿಲ್ಲ. ಆದರೆ ತೀರ ಮುಂದಿನ ಸಾಲನ್ನು ಆರಿಸಬೇಡಿ. ಕಾಲಿಗೆ ಜಾಗ ಹೆಚ್ಚಿದೆಯೆಂದು ಎಲ್ಲರೂ ಅದನ್ನೇ ಸೂಚಿಸುತ್ತಾರೆ. ಅಲ್ಲಿ ಊಟದ ಹಲಗೆಯನ್ನು ಆರ್ಮ್‌ರೆಸ್ಟಿನೊಳಗೆ ಮಡಚಿಟ್ಟಿರುತ್ತಾರೆ, ಅದು ಮೇಲೇಳುವುದಿಲ್ಲ, ಕೂರುವ ಅಗಲವೂ ಕಡಿಮೆ. ಆರ್ಮ್‌ರೆಸ್ಟ್ ಏಳದಿದ್ದರೆ ಎರಡು ಸೀಟಿಗೆ ಹಣ ಕೊಟ್ಟೂ ಪ್ರಯೋಜನವಿಲ್ಲ. ತುರ್ತು ಬಾಗಿಲಿನ ಸಾಲೂ ಬೇಡ, ಬೆಲ್ಟಿಗೆ ಜೋಡಣೆ ಬೇಕಾದವರನ್ನು ಸಾಮಾನ್ಯವಾಗಿ ಅಲ್ಲಿ ಕೂರಿಸುವುದಿಲ್ಲ. ದಾರಿಯ ಕಡೆಯ ಆರ್ಮ್‌ರೆಸ್ಟ್ ಕೂಡ ಬಹಳಷ್ಟು ವಿಮಾನಗಳಲ್ಲಿ ಮೇಲೇಳುತ್ತದೆ. ಅದರ ತಳಭಾಗದಲ್ಲಿ, ಹಿಂಬದಿಯ ತಿರುಗಣೆಯ ಹತ್ತಿರ, ಒಂದು ಚಿಕ್ಕ ಗುಂಡಿ ಕೈಗೆ ತಾಕುತ್ತದೆ. ಅದನ್ನು ಒತ್ತಿ ಎತ್ತಿದರೆ ಮಂಡಿನೋವಿರುವವರಿಗೆ ಒಳಗೆ ಸರಿಯುವುದು ಸುಲಭ.

ಇನ್ನು ಬೆಲ್ಟಿನ ಮಾತು. ಎಕ್ಸ್‌ಟೆಂಡರ್ ಎನ್ನುವ ಆ ತುಂಡು ವಿಮಾನದಲ್ಲೇ ಇರುತ್ತದೆ, ಅದಕ್ಕೆ ಹಣ ಕೊಡಬೇಕಾಗಿಲ್ಲ. ಹತ್ತುವಾಗ ಬಾಗಿಲಲ್ಲಿ ನಿಂತು ನಮಸ್ಕಾರ ಹೇಳುವ ಸಿಬ್ಬಂದಿಗೆ ಮೆಲ್ಲಗೆ "ಎಕ್ಸ್‌ಟೆಂಡರ್ ಬೇಕು" ಎಂದರೆ ಸಾಕು, ಕೈಗೇ ಕೊಡುತ್ತಾರೆ ಅಥವಾ ಸೀಟಿಗೆ ತಂದುಕೊಡುತ್ತಾರೆ. ಅದನ್ನು ಕೇಳಲು ನಾಚಿಕೊಂಡು, ಬೆಲ್ಟನ್ನು ಅಂಗಿಯ ಕೆಳಗೆ ಬಚ್ಚಿಟ್ಟು ಹಾಕಿದಂತೆ ತೋರಿಸಿದ ದಿನಗಳು ನನಗೂ ಇದ್ದವು. ಅದು ನನ್ನ ಜೀವಕ್ಕೂ ಪಕ್ಕದವರ ಜೀವಕ್ಕೂ ಅಪಾಯವೆಂದು ತಿಳಿದ ಮೇಲೆ ಬಿಟ್ಟೆ.

ಉತ್ತರ 2: ಅರಸೀಕೆರೆ ಓದುಗ

ನಾನು ಇನ್ನೊಂದು ಕಡೆಯಿಂದ ಬರೆಯುತ್ತಿದ್ದೇನೆ, ಯಾರೂ ನೊಂದುಕೊಳ್ಳಬಾರದು. ಕಳೆದ ವರ್ಷ ನನ್ನ ಪಕ್ಕದಲ್ಲಿ ದೊಡ್ಡ ಮೈಕಟ್ಟಿನ ಹಿರಿಯರೊಬ್ಬರು ಕುಳಿತಿದ್ದರು. ನಡುವಿನ ಆರ್ಮ್‌ರೆಸ್ಟ್ ಇಳಿಯಲೇ ಇಲ್ಲ. ಅವರ ತೋಳು ಮತ್ತು ತೊಡೆ ನನ್ನ ಸೀಟಿನ ಮೂರನೇ ಒಂದು ಭಾಗದಷ್ಟು ಬಂದಿತ್ತು, ಪ್ರಯಾಣದುದ್ದಕ್ಕೂ ನಾನು ಸೊಂಟ ತಿರುಚಿ ದಾರಿಯ ಕಡೆಗೆ ವಾಲಿ ಕುಳಿತೆ. ಸಾಮಾನಿನ ಗಾಡಿ ಹೋಗಿ ಬರುವಾಗಲೆಲ್ಲ ಭುಜಕ್ಕೆ ತಾಕುತ್ತಿತ್ತು. ಇಳಿದ ಮೇಲೆ ಎರಡು ದಿನ ಬೆನ್ನು ನೆಟ್ಟಗಾಗಲಿಲ್ಲ. ಪೂರ್ತಿ ಸೀಟಿಗೆ ಹಣ ಕೊಟ್ಟವನಿಗೆ ಪೂರ್ತಿ ಸೀಟು ಸಿಗಬೇಕೆಂದು ಬಯಸುವುದು ಕ್ರೌರ್ಯವಲ್ಲ ಎಂದು ನನ್ನ ನಂಬಿಕೆ.

ಆದರೂ ನಿಮ್ಮ ಅಕ್ಕನವರಿಗೆ ಆದದ್ದನ್ನು ಓದಿ ಬೇಸರವಾಯಿತು. ಆ ಮನುಷ್ಯನಿಗೆ ಜಾಗ ಬೇಕಿತ್ತು, ಸರಿ; ಅದನ್ನು ಕೇಳುವ ರೀತಿ ಅದಲ್ಲ. ಎದ್ದು ನಿಂತು, ಹಿಂಬದಿಯಲ್ಲಿ ಸಿಬ್ಬಂದಿ ನಿಲ್ಲುವ ಜಾಗಕ್ಕೆ ಹೋಗಿ, "ನನಗೆ ಬೇರೆ ಸೀಟು ಸಿಗಬಹುದೇ" ಎಂದು ಕೇಳಬೇಕಿತ್ತು. ಪಕ್ಕದವರ ದೇಹದ ಬಗ್ಗೆ ಒಂದು ಮಾತನ್ನೂ ಆಡದೆ ಇಷ್ಟನ್ನು ಕೇಳಬಹುದು. ಬಾಗಿಲು ಮುಚ್ಚುವ ಹೊತ್ತಿಗೆ ಯಾವ ಸೀಟು ಖಾಲಿ ಉಳಿದಿದೆ ಎಂಬುದು ಸಿಬ್ಬಂದಿಗೆ ತಿಳಿದಿರುತ್ತದೆ, ಆದ್ದರಿಂದ ವಿಮಾನ ಹೊರಡುವ ಮೊದಲೇ ಕೇಳುವುದು ಮುಖ್ಯ. ನಾನು ಅಂದು ಸಂಕೋಚದಿಂದ ಸುಮ್ಮನಿದ್ದೆ, ಇಳಿದ ಮೇಲೆ ದೂರು ಬರೆದೆ. ಸ್ಥಳದಲ್ಲೇ ಏಕೆ ಹೇಳಲಿಲ್ಲವೆಂದು ಕಂಪನಿಯವರು ಕೇಳಿದಾಗ ನನ್ನ ಬಳಿ ಉತ್ತರವಿರಲಿಲ್ಲ. ಕಂಪನಿಯ ಉತ್ತರ ಸರಿಬಾರದಿದ್ದರೆ ಕೇಂದ್ರ ಸರ್ಕಾರದ ಏರ್‌ಸೇವಾ ತಾಣದಲ್ಲಿ ದೂರು ದಾಖಲಿಸಬಹುದು, ರಾಷ್ಟ್ರೀಯ ಗ್ರಾಹಕ ಸಹಾಯವಾಣಿಯ ಸಂಖ್ಯೆ 1915.

ಒಂದು ವಿಷಯದಲ್ಲಿ ಮಾತ್ರ ನನ್ನ ಅಭಿಪ್ರಾಯ ಗಟ್ಟಿಯಾಗಿದೆ. ತೂಕ ಹೆಚ್ಚಿದ್ದವರು ತೂಕಕ್ಕೆ ತಕ್ಕ ದರ ಕೊಡಲಿ, ಸಾಮಾನಿಗೆ ಕೊಡುವುದಿಲ್ಲವೇ?

ಉತ್ತರ 3: ಬೇಲೂರು ಪೇಟೆ

ಅರಸೀಕೆರೆಯವರ ಕೊನೆಯ ಮಾತನ್ನು ನಾನು ಒಪ್ಪುವುದಿಲ್ಲ. ಅದನ್ನು ಮಾಡಿ ನೋಡಿದವರೂ ಇದ್ದಾರೆ. ಪೆಸಿಫಿಕ್ ಸಾಗರದ ಪುಟ್ಟ ಕಂಪನಿ ಸಮೋವಾ ಏರ್ ಪ್ರಯಾಣಿಕರನ್ನು ತೂಗಿ, ಕೆ.ಜಿ. ಲೆಕ್ಕದಲ್ಲಿ ದರ ಪಡೆಯುತ್ತಿದ್ದುದು 2013ರಲ್ಲಿ ಜಗತ್ತಿನಾದ್ಯಂತ ಸುದ್ದಿಯಾಯಿತು. ಅದು ಹಾರಿಸುತ್ತಿದ್ದುದು ಕೆಲವೇ ಮಂದಿ ಹಿಡಿಸುವ ಚಿಕ್ಕ ವಿಮಾನಗಳನ್ನು. ಅಂಥ ವಿಮಾನದಲ್ಲಿ ಒಬ್ಬೊಬ್ಬರ ತೂಕವೂ, ಅವರು ಎಲ್ಲಿ ಕುಳಿತಿದ್ದಾರೆ ಎಂಬುದೂ ಸುರಕ್ಷತೆಯ ಪ್ರಶ್ನೆ. ಅಮೆರಿಕದ ಶಾರ್ಲಟ್‌ನಲ್ಲಿ 2003ರ ಜನವರಿ 8ರಂದು ಏರ್ ಮಿಡ್‌ವೆಸ್ಟ್‌ನ ಚಿಕ್ಕ ವಿಮಾನವೊಂದು ಬಿದ್ದು 21 ಮಂದಿ ಸತ್ತಾಗ, ದುರಸ್ತಿಯಲ್ಲಾದ ತಪ್ಪಿನ ಜೊತೆಗೆ, ಹಳೆಯ ಸರಾಸರಿ ತೂಕದ ಲೆಕ್ಕವನ್ನು ನಂಬಿ ಹೊರೆ ಹಾಕಿದ್ದೂ ಕಾರಣವೆಂದು ತಿಳಿದುಬಂತು. ಆಮೇಲೆ ಆ ದೇಶ ಪ್ರಯಾಣಿಕರ ಸರಾಸರಿ ತೂಕದ ಅಂಕಿಯನ್ನು ಏರಿಸಿತು. ಏರ್ ನ್ಯೂಜಿಲೆಂಡ್ 2023ರಲ್ಲಿ ಒಪ್ಪಿದ ಪ್ರಯಾಣಿಕರನ್ನು ಗುಟ್ಟಾಗಿ, ಅಂಕಿ ಯಾರಿಗೂ ಕಾಣದಂತೆ ತೂಗಿದ್ದೂ ಸರಾಸರಿಯನ್ನು ಸರಿಪಡಿಸಿಕೊಳ್ಳಲೆಂದೇ, ದರ ಏರಿಸಲಿಕ್ಕಲ್ಲ. ದೆಹಲಿಗೆ ಹೋಗುವ ದೊಡ್ಡ ವಿಮಾನದಲ್ಲಿ ಅಕ್ಕನವರ ತೂಕ ಯಾರಿಗೂ ಹೊರೆಯಲ್ಲ. ಅಲ್ಲಿರುವುದು ಅಗಲದ ಪ್ರಶ್ನೆ, ಆ ಅಗಲವನ್ನು ನಿರ್ಧರಿಸಿದವರು ಕಂಪನಿಯವರು.

ಇದನ್ನು ಒತ್ತಿ ಹೇಳಲು ಕಾರಣವಿದೆ. ಇಬ್ಬರು ಪ್ರಯಾಣಿಕರು ಒಬ್ಬರನ್ನೊಬ್ಬರು ದೂರುತ್ತಿರುವಾಗ, ಇಬ್ಬರ ನಡುವೆ ಹದಿನೇಳೋ ಹದಿನೆಂಟೋ ಇಂಚಿನ ಗೆರೆ ಎಳೆದವರು ಮಾತಿಗೇ ಬರುವುದಿಲ್ಲ. ಅಮೆರಿಕದ ಸಂಸತ್ತು 2018ರಲ್ಲಿ ಸೀಟುಗಳ ಕನಿಷ್ಠ ಅಳತೆಯನ್ನು ಗೊತ್ತುಪಡಿಸಿರೆಂದು ಅಲ್ಲಿನ ವಿಮಾನಯಾನ ಆಡಳಿತಕ್ಕೆ ಕಾನೂನಿನ ಮೂಲಕ ಸೂಚಿಸಿತು. 2022ರಲ್ಲಿ ಸಾರ್ವಜನಿಕರ ಅಭಿಪ್ರಾಯ ಕೇಳಿದಾಗಲೂ, ಆ ಆಡಳಿತ ನೋಡುತ್ತಿದ್ದುದು ತುರ್ತಿನಲ್ಲಿ ಎಲ್ಲರೂ ಬೇಗ ಹೊರಬರಬಲ್ಲರೇ ಎಂಬ ಪ್ರಶ್ನೆಯನ್ನು, ಕೂತವರ ಸುಖವನ್ನಲ್ಲ.

ಕೆನಡಾದ ದಾರಿ ನನಗೆ ಹೆಚ್ಚು ನ್ಯಾಯವೆನಿಸುತ್ತದೆ. ಅಲ್ಲಿನ ಸಾರಿಗೆ ಪ್ರಾಧಿಕಾರ 2008ರ ಜನವರಿಯಲ್ಲಿ, ದೇಶದೊಳಗಿನ ಪ್ರಯಾಣದಲ್ಲಿ ಒಬ್ಬ ವ್ಯಕ್ತಿಗೆ ಒಂದೇ ದರ ಎಂದು ತೀರ್ಪಿತ್ತಿತು. ಸ್ಥೂಲಕಾಯದಿಂದ ಅಂಗವೈಕಲ್ಯಕ್ಕೆ ಒಳಗಾಗಿ ಎರಡು ಸೀಟು ಬೇಕಾದವರಿಂದ ಏರ್ ಕೆನಡಾ, ವೆಸ್ಟ್‌ಜೆಟ್ ಮುಂತಾದವರು ಎರಡನೆಯ ದರ ಪಡೆಯುವಂತಿಲ್ಲ. ಕಂಪನಿಗಳು ಮೇಲ್ಮನವಿಗೆ ಹೋದರೂ ಅಲ್ಲಿನ ಸುಪ್ರೀಂ ಕೋರ್ಟು ಅದೇ ವರ್ಷ ಅದನ್ನು ಕೇಳಲು ಒಪ್ಪಲಿಲ್ಲ. ಅಮೆರಿಕದ ಸೌತ್‌ವೆಸ್ಟ್ ಕೂಡ ಬಹಳ ವರ್ಷ ಎರಡನೆಯ ಸೀಟಿನ ಹಣವನ್ನು ಪ್ರಯಾಣದ ನಂತರ ಮರಳಿಸುತ್ತಿತ್ತು, 2026ರ ಜನವರಿ 27ರಿಂದ ಆ ನಿಯಮವನ್ನು ಬಿಗಿಮಾಡಿತು. ಕಾನೂನಿನಿಂದ ಬಂದ ಹಕ್ಕಿಗೂ ಕಂಪನಿಯ ಔದಾರ್ಯಕ್ಕೂ ಇರುವ ಅಂತರ ಇದರಲ್ಲಿ ಕಾಣುತ್ತದೆ. ನಮ್ಮಲ್ಲಿಯೂ ಥೈರಾಯ್ಡಿನಂಥ ಕಾಯಿಲೆಯಿಂದ ದೇಹ ಬೆಳೆದವರಿಗೆ ಇಂಥದೊಂದು ರಕ್ಷಣೆ ಬೇಕು ಎಂದು ನಾನು ಪ್ರಾಮಾಣಿಕವಾಗಿ ಬಯಸುತ್ತೇನೆ. ಅದು ಬರುವವರೆಗೆ ಎರಡನೆಯ ಸೀಟಿನ ಹಣ ನಿಮ್ಮ ಕೈಯಿಂದಲೇ ಹೋಗುತ್ತದೆ. ಅದನ್ನು ದಂಡವೆಂದು ಅಕ್ಕನವರು ಭಾವಿಸದಂತೆ ನೋಡಿಕೊಳ್ಳಿ.

ಮರುಮಾತು: ಹೇಮಾವತಿ ದಂಡೆ, ಹಾಸನ

ಎಲ್ಲರಿಗೂ ಕೃತಜ್ಞತೆಗಳು. ನಿನ್ನೆ ಸಂಜೆ ಪಂಚಾಂಗಗಳು, ಮಕ್ಕಳ ಹಳೆಯ ಪಠ್ಯಪುಸ್ತಕಗಳು ಎಲ್ಲವನ್ನೂ ಪೇರಿಸಿ ಅಳತೆ ನೋಡಿದೆವು. ಎರಡೂ ಕಡೆ ಸರಿದವು. ಅಕ್ಕ ಸ್ವಲ್ಪ ಹೊತ್ತು ಮಾತಾಡಲಿಲ್ಲ. ಆಮೇಲೆ ತಾವೇ, "ಎರಡು ಸೀಟು ತೆಗೆದುಕೊಂಡರೆ ನಾನು ಯಾರಿಗೂ ಋಣಿಯಲ್ಲ, ಅಲ್ಲವೇ" ಎಂದರು. ಅರಸೀಕೆರೆಯವರ ಬೆನ್ನುನೋವಿನ ಮಾತನ್ನೂ ಓದಿ ಹೇಳಿದೆ. ಅದು ಅವರಿಗೆ ನೋವು ಕೊಡಲಿಲ್ಲ, ತಮ್ಮ ಮಾತಿಗೆ ಆಧಾರ ಸಿಕ್ಕಂತಾಯಿತು.

ಇಂದು ಬೆಳಿಗ್ಗೆ ಕಂಪನಿಗೆ ಫೋನು ಮಾಡಿ ಮೂರು ಸೀಟುಗಳ ಪೂರ್ತಿ ಸಾಲನ್ನು ಕಾಯ್ದಿರಿಸಿದ್ದೇನೆ. ಒಂದೇ ಸಂದೇಹ ಉಳಿದಿದೆ. ನಡುವಿನ ಸೀಟಿನಲ್ಲಿ ಯಾರೂ ಇಲ್ಲವೆಂದು ನೋಡಿ, "ಇದು ಖಾಲಿಯಿದೆಯಲ್ಲ, ಕೂರಬಹುದೇ" ಎಂದು ಯಾರಾದರೂ ಬಂದರೆ ಏನು ಹೇಳಬೇಕು?

ಉತ್ತರ 4: ತೋಟದವರು, ಚಿಕ್ಕಮಗಳೂರು

"ಈ ಸೀಟು ನಮ್ಮದು" ಎಂದಷ್ಟೇ ಹೇಳಿ, ಕಾರಣ ಹೇಳುವ ಅಗತ್ಯವಿಲ್ಲ. ಮತ್ತೆ ಕೇಳಿದರೆ ಎರಡನೆಯ ಸೀಟಿನ ಬೋರ್ಡಿಂಗ್ ಪಾಸನ್ನು ತೋರಿಸಿ. ಅದಕ್ಕಾಗಿ ವಿಮಾನ ನಿಲ್ದಾಣದ ಕೌಂಟರಿನಲ್ಲಿ ಎರಡೂ ಸೀಟಿನ ಪಾಸುಗಳನ್ನು ಕಾಗದದಲ್ಲೇ ಮುದ್ರಿಸಿಕೊಳ್ಳಿ, ಗೇಟಿನಲ್ಲಿ ಎರಡನ್ನೂ ಸ್ಕ್ಯಾನ್ ಮಾಡಿಸಿ. ಮಾತನ್ನು ನೀವೇ ಆಡಿ, ಅಕ್ಕನವರಿಗೆ ಬಿಡಬೇಡಿ.

ಇನ್ನೊಂದು ಮಾತು. ಮಂಡಿನೋವಿಗೆ ವೀಲ್‌ಚೇರ್ ಬೇಕೆಂದು ಇಂದೇ ಅದೇ ಪಿಎನ್‌ಆರ್‌ಗೆ ಸೇರಿಸಿಬಿಡಿ, ಹೊರಡುವ ದಿನ ಕೇಳಿದರೆ ಕಾಯಬೇಕಾಗುತ್ತದೆ. ಹಾಸನದಿಂದ ಕಾರಿನಲ್ಲಿ ಹೊರಟವರು ಯಡಿಯೂರಿನಲ್ಲಿ ನಿಲ್ಲಿಸಿ ಅಕ್ಕನವರನ್ನು ಸ್ವಲ್ಪ ಹೊತ್ತು ನಡೆಸಿ. ನೆಲಮಂಗಲದಿಂದ ದೊಡ್ಡಬಳ್ಳಾಪುರದ ಮೇಲೆ ದೇವನಹಳ್ಳಿಗೆ ಹೋದರೆ ಬೆಂಗಳೂರಿನೊಳಗೆ ಸಿಕ್ಕಿಕೊಳ್ಳುವುದು ತಪ್ಪುತ್ತದೆ, ಕೌಂಟರಿನಲ್ಲಿ ನಿಧಾನವಾಗಿ ಮಾತಾಡಲು ಸಮಯವೂ ಉಳಿಯುತ್ತದೆ.