ಆರ್‌ಎಂಮಾಡ್ ಕೊಟ್ಟರೆ ಸಿಸ್ಟಮ್ ಹ್ಯಾಂಗ್: ಯಾರಿಗಾದರೂ ಹೀಗಾಗಿದೆಯಾ?

ಕೇಳಿದವರು, ದಾವಣಗೆರೆ: ಫೈನಲ್ ಇಯರ್ ಪ್ರಾಜೆಕ್ಟಿಗೆ ಲಿನಕ್ಸ್ ಡ್ರೈವರ್ (ಹಾರ್ಡ್‌ವೇರ್ ನಡೆಸುವ ಕೋಡ್) ಬರೆಯುತ್ತಿದ್ದೇನೆ. ಅದು ಕರ್ನಲ್‌ಗೆ, ಅಂದರೆ ಲಿನಕ್ಸ್‌ನ ತಿರುಳಿಗೆ, ಬೇಕಾದಾಗ ಸೇರಿಸಿ ತೆಗೆಯುವ ಮಾಡ್ಯೂಲ್. ಅದನ್ನು ಸೇರಿಸುವ ಇನ್ಸ್‌ಮಾಡ್ ಕಮಾಂಡ್ ಸಲೀಸಾಗಿ ಆಗುತ್ತದೆ. ತೆಗೆಯುವ ಕಮಾಂಡ್ ಆರ್‌ಎಂಮಾಡ್ ಕೊಟ್ಟ ಒಂದೆರಡು ಸೆಕೆಂಡಿಗೆ ಎಲ್ಲಾ ನಿಂತುಬಿಡುತ್ತದೆ. ತೆಗೆಯುವಾಗ ಓಡುವ ಎಕ್ಸಿಟ್ ಫಂಕ್ಷನ್‌ನಲ್ಲಿ ಒಂದು ಪ್ರಿಂಟ್ ಸಾಲು ಮಾತ್ರ ಇದೆ. ಅನುಭವ ಇದ್ದವರು ಹೇಳಿ.

ಚಿತ್ರದುರ್ಗದಿಂದ: ಮಾಡ್ಯೂಲ್ ಸೇರಿಸುವಾಗ ಓಡುವ ಇನಿಟ್ ಫಂಕ್ಷನ್‌ನಲ್ಲಿ ಟೈಮರ್ ಶುರು ಮಾಡಿದ್ದೀರಾ? ನನಗೂ ಹೀಗೇ ಆಗಿತ್ತು. ನನ್ನ ಟೈಮರ್ 2 ಸೆಕೆಂಡಿಗೊಮ್ಮೆ ಒಂದು ಫಂಕ್ಷನ್ ಕರೆಯುತ್ತಿತ್ತು. ಅದನ್ನು ನಿಲ್ಲಿಸದೆ ಮಾಡ್ಯೂಲ್ ತೆಗೆದೆ. ಕೋಡ್ ಇದ್ದ ಮೆಮೊರಿಯನ್ನು ಕರ್ನಲ್ ವಾಪಸ್ ತಗೊಂಡಿತ್ತು, ಟೈಮರ್ ಮಾತ್ರ ಹಳೇ ವಿಳಾಸಕ್ಕೇ ಹೋಯಿತು. ಲಾಗ್‌ನಲ್ಲಿ ಪೇಜ್ ಫಾಲ್ಟ್ (ಇಲ್ಲದ ಮೆಮೊರಿ ಮುಟ್ಟಿದ ದೋಷ), ಅಷ್ಟೇ. ಮಾಮೂಲಿ ಪ್ರೋಗ್ರಾಂ ಸತ್ತರೆ ಅದರ ಮೆಮೊರಿ, ಫೈಲುಗಳನ್ನು ಕರ್ನಲ್ ಬಿಡಿಸಿಕೊಳ್ಳುತ್ತದೆ. ಮಾಡ್ಯೂಲ್ ಹಾಗಲ್ಲ, ತಗೊಂಡದ್ದನ್ನು ನಾವೇ ಬಿಡಬೇಕು. ಟೈಮರ್ ನಿಲ್ಲಿಸಲು ಹೆಸರಿನ ಕೊನೆಗೆ 'ಸಿಂಕ್' ಇರುವ ಕರೆಯನ್ನೇ ಬಳಸಿ. ಬೇರೆ ಸಿಪಿಯುನಲ್ಲಿ ಆ ಫಂಕ್ಷನ್ ಓಡುತ್ತಿದ್ದರೆ ಮುಗಿಯುವ ತನಕ ಅದು ಕಾಯುತ್ತದೆ.

ಇನ್ನೊಂದು ಮಾತು, ಇದು ಬಹಳ ಮುಖ್ಯ. ಇನಿಟ್ ಅರ್ಧಕ್ಕೆ ಫೇಲ್ ಆಗಿ ಮೈನಸ್ ನಂಬರ್ ಕೊಟ್ಟರೆ, ಕರ್ನಲ್ ನಿಮ್ಮ ಎಕ್ಸಿಟ್ ಅನ್ನು ಕರೆಯುವುದೇ ಇಲ್ಲ. ಅಲ್ಲಿತನಕ ತಗೊಂಡದ್ದನ್ನು ಇನಿಟ್ಟೇ ಉಲ್ಟಾ ಕ್ರಮದಲ್ಲಿ ಬಿಡಬೇಕು. ನಮ್ಮ ದುರ್ಗದ ಕೋಟೆ ಹತ್ತಿದವರಿಗೆ ಗೊತ್ತು, ನಾಲ್ಕನೇ ಬಾಗಿಲಿಂದ ವಾಪಸ್ ಬಂದರೆ ಮೂರು, ಎರಡು, ಒಂದು ಎಂದೇ ಇಳಿಯಬೇಕು. ಡಿವೈಸ್ ನಂಬರ್ ಸಿಕ್ಕಿತು, ಬಫರ್ ಸಿಕ್ಕಿತು, ಐಆರ್‌ಕ್ಯೂ (ಹಾರ್ಡ್‌ವೇರ್ ಸಿಪಿಯುವನ್ನು ಕರೆಯುವ ಸಂಕೇತ) ಸಿಗಲಿಲ್ಲ ಅಂದರೆ ಮೊದಲು ಬಫರ್ ಬಿಡಿ, ಆಮೇಲೆ ನಂಬರ್. ಗೋಟು (ಕೋಡಿನ ಬೇರೆ ಜಾಗಕ್ಕೆ ನೇರ ಜಿಗಿಯುವ ಆಜ್ಞೆ) ಬಳಸಬೇಡಿ ಎಂದು ಕ್ಲಾಸಿನಲ್ಲಿ ಹೇಳಿರುತ್ತಾರೆ ಅಲ್ವಾ? ಇಲ್ಲಿ ಧೈರ್ಯವಾಗಿ ಬಳಸಿ. ಕರ್ನಲ್ ಕೋಡ್ ತುಂಬಾ ಇದೇ ರೀತಿ ಇದೆ.

ಹರಿಹರದವರು, ಈಗ ದಾವಣಗೆರೆಯಲ್ಲಿ: ಮೇಲಿನವರು ಹೇಳಿದ್ದು ಸರಿ. ಆದರೆ ಆ ಫೇಲ್ ದಾರಿಯಲ್ಲಿ ಎಕ್ಸಿಟ್ ಫಂಕ್ಷನ್ನನ್ನೇ ಕರೆಯಲು ಹೋಗಬೇಡಿ. ಎಕ್ಸಿಟ್ ಗುರುತು ಹಾಕಿದ ಕೋಡ್, ಡ್ರೈವರ್ ಕರ್ನಲ್ ಒಳಗೇ ಸೇರಿದ್ದರೆ ಬೇಕಾಗುವುದಿಲ್ಲ ಎಂದು ಕಿತ್ತು ಹಾಕಲಾಗುತ್ತದೆ. ಇನಿಟ್ ಗುರುತಿನದೂ ಅಷ್ಟೇ, ಒಮ್ಮೆ ಓಡಿದ ಮೇಲೆ ಆ ಜಾಗ ಖಾಲಿ. ಬಿಲ್ಡ್ ಮಾಡುವಾಗ 'ಸೆಕ್ಷನ್ ಮಿಸ್‌ಮ್ಯಾಚ್' ಎಂದು ಬಂದರೆ ಸುಮ್ನೆ ಬಿಡಬೇಡಿ, ಹೀಗೆ ಇಲ್ಲದಾಗಬಹುದಾದ ಕೋಡನ್ನು ಕರೆದಿದ್ದೀರಿ ಎಂಬ ಎಚ್ಚರಿಕೆ ಅದು. ಇನ್ನು ಡಿವೈಸನ್ನು ಹೊರಗೆ ತೋರಿಸುವ ರಿಜಿಸ್ಟರ್ ಕರೆ ಇನಿಟ್‌ನ ಕೊನೆಗಿರಲಿ. ರಿಜಿಸ್ಟರ್ ಆದ ಕ್ಷಣವೇ ಯಾರಾದರೂ ಅದನ್ನು ತೆರೆಯಬಹುದು. ಟೆಸ್ಟ್ ಮಾಡುವುದು ವರ್ಚುವಲ್ ಮೆಷಿನ್‌ನಲ್ಲೇ ಆಗಲಿ, ನಿಮ್ಮ ಲ್ಯಾಪ್‌ಟಾಪಿನಲ್ಲಿ ಬೇಡ.

ಕೇಳಿದವರು: ಟೈಮರೇ ಅಣ್ಣಾ! ಎಕ್ಸಿಟ್‌ನಲ್ಲಿ ನಿಲ್ಲಿಸಿದೆ. 50 ಸಲ ಹಾಕಿ ತೆಗೆದೆ, ಸಿಸ್ಟಮ್ ಒಮ್ಮೆಯೂ ಹ್ಯಾಂಗ್ ಆಗಲಿಲ್ಲ. ಈಗ ಐಆರ್‌ಕ್ಯೂ ಬೇಕಂತಲೇ ಫೇಲ್ ಮಾಡಿಸಿ ನೋಡುತ್ತಿದ್ದೇನೆ.