ಸಹಾಯ ಬೇಕು: ಅಮ್ಮನ ಕೈಮೇಲೆ ಏಟಿಲ್ಲದೆ ಮೂಡುವ ನೀಲಿ ಕಲೆ, ಯಾವ ವೈದ್ಯರಿಗೆ ತೋರಿಸಬೇಕು?

ನಮಸ್ಕಾರ. ಸಾಗರದ ಬಳಿಯ ಹಳ್ಳಿಯಲ್ಲಿರುವ ನನ್ನ ಅಮ್ಮನಿಗೆ 71 ವರ್ಷ. ಒಂದು ತಿಂಗಳಿನಿಂದ ಮುಂಗೈಯ ಮೇಲೆ ನೇರಳೆ ಹಣ್ಣು ಜಜ್ಜಿದಂತಹ ಕಲೆಗಳು ಮೂಡುತ್ತಿವೆ. ಕೇಳಿದರೆ "ಎಲ್ಲೂ ತಾಗಿಲ್ಲ ಮಾರಾಯ, ಬಳೆ ಒತ್ತಿರಬೇಕು" ಎನ್ನುತ್ತಾರೆ. ಮೊದಲೆಲ್ಲ ಏಟಿನ ಕಲೆ ಹಸಿರಾಗಿ, ಹಳದಿಗೆ ತಿರುಗಿ, ಎರಡು ವಾರದಲ್ಲಿ ಮಾಯವಾಗುತ್ತಿತ್ತು. ಈಗ ಹಳೆಯದು ಮಾಸುವ ಮೊದಲೇ ಹೊಸದು.

ಹೃದಯಕ್ಕೆ ಸ್ಟೆಂಟ್ (ರಕ್ತನಾಳವನ್ನು ತೆರೆದಿಡುವ ಸಣ್ಣ ಕೊಳವೆ) ಹಾಕಿಸಿದ ಮೇಲೆ ರಕ್ತ ಹೆಪ್ಪುಗಟ್ಟದಂತೆ ತಡೆಯುವ ಆಸ್ಪಿರಿನ್, ಕ್ಲೊಪಿಡೊಗ್ರೆಲ್ ಮಾತ್ರೆ ತೆಗೆದುಕೊಳ್ಳುತ್ತಿದ್ದಾರೆ. ಇವುಗಳಿಂದ ಕಲೆ ಬೇಗ ಆಗುತ್ತದೆ, ವಯಸ್ಸಾದಂತೆ ಚರ್ಮವೂ ತೆಳುವಾಗುತ್ತದೆ ಎಂಬುದು ಗೊತ್ತು. ಪಕ್ಕದ ಮನೆಯವರು ಮಾತ್ರೆ ನಿಲ್ಲಿಸಿ ನೋಡಿ ಎಂದರು. ವೈದ್ಯರನ್ನು ಕೇಳದೆ ನಿಲ್ಲಿಸಿದರೆ ಸ್ಟೆಂಟ್‌ನೊಳಗೆ ರಕ್ತ ಹೆಪ್ಪುಗಟ್ಟಬಹುದು, ಆ ಸಲಹೆಯನ್ನು ಮಾತ್ರ ದಯವಿಟ್ಟು ಕೊಡಬೇಡಿ. ಇದರ ಜೊತೆಗೆ ಮಂಡಿನೋವಿಗೆಂದು ಅಂಗಡಿಯಿಂದ ತರಿಸಿದ ನೋವಿನ ಮಾತ್ರೆಯನ್ನೂ ಗುಟ್ಟಾಗಿ ನುಂಗುತ್ತಿದ್ದರೆಂಬುದು ಮೊನ್ನೆ ಎಲೆಯಡಿಕೆ ಡಬ್ಬಿಯಲ್ಲಿ ಖಾಲಿ ಪಟ್ಟಿಗಳು ಸಿಕ್ಕಾಗ ತಿಳಿಯಿತು! ಅದೂ ರಕ್ತಸ್ರಾವ ಹೆಚ್ಚಿಸುವಂಥದ್ದೇ. ಅದನ್ನು ಬಿಡಿಸಿದ್ದೇನೆ.

ರಕ್ತ ಹೆಪ್ಪುಗಟ್ಟಲು ನೆರವಾಗುವ ಪ್ಲೇಟ್‌ಲೆಟ್ ಕಣಗಳ ಸಂಖ್ಯೆ 1.9 ಲಕ್ಷ ಇದೆ. ಸಾಮಾನ್ಯವಾಗಿ 1.5ರಿಂದ 4.5 ಲಕ್ಷದೊಳಗೆ ಇರಬೇಕಂತೆ, ಅಷ್ಟರಮಟ್ಟಿಗೆ ಸಮಾಧಾನ. ವಸಡು, ಮೂಗಿನಲ್ಲಿ ರಕ್ತ ಬಂದಿಲ್ಲ, ಮಲವೂ ಕಪ್ಪಾಗಿಲ್ಲ.

ಮೊದಲು ಯಾರಿಗೆ ತೋರಿಸಲಿ? ಮಾತ್ರೆ ಬರೆದುಕೊಟ್ಟ ಹೃದ್ರೋಗ ತಜ್ಞರಿಗೋ, ಊರಿನ ಫಿಜಿಷಿಯನ್‌ಗೋ? ಚರ್ಮದ ಮೇಲೆ ಕಾಣುತ್ತದೆಂದು ಚರ್ಮರೋಗ ತಜ್ಞರ ಬಳಿ ಹೋದರೆ ಪ್ರಯೋಜನವಿದೆಯೇ? ರಕ್ತರೋಗ ತಜ್ಞರು, ಅಂದರೆ ಹೆಮಟಾಲಜಿಸ್ಟ್, ಬೇಕಾಗುವುದು ಯಾವ ಹಂತದಲ್ಲಿ? ಮಣಿಪಾಲದವರೆಗಿನ ಘಾಟಿ ದಾರಿ ಅಮ್ಮನಿಗೆ ಆಗುವುದಿಲ್ಲ. ಶಿವಮೊಗ್ಗದಲ್ಲೇ ಮುಗಿಯುವಂತಿದ್ದರೆ ಒಳ್ಳೆಯದು. ಮನೆಯಲ್ಲಿ ಇಂಥದ್ದನ್ನು ಕಂಡವರು ದಯವಿಟ್ಟು ತಿಳಿಸಿ.